ಬಿಸಿಯಾದರೆ ಎಂಜಿನ್ ಕಟ್, ಸ್ಕ್ಯಾನರ್‌ಗೂ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಸಿಗಲ್ಲ. ಬದಲಿಸುವ ಮುಂಚೆ ಏನೇನು ನೋಡಬೇಕು?

ಹೆದ್ದಾರಿ_ಗಾಲಿ:
ನಮಸ್ಕಾರ. 24 ವೋಲ್ಟ್ ಲಾರಿ, ಆರು ಸಿಲಿಂಡರ್ ಕಾಮನ್ ರೈಲ್ ಎಂಜಿನ್. ಚೆನ್ನಾಗಿ ಬಿಸಿಯಾದ ಮೇಲೆ ಓಡ್ತಾ ಇದ್ದ ಹಾಗೇ ಕಟ್ ಆಗುತ್ತೆ. ಆಮೇಲೆ ಸೆಲ್ಫ್ ತಿರುಗುತ್ತೆ, ಸ್ಟಾರ್ಟ್ ಆಗಲ್ಲ. ಆ ಹೊತ್ತಲ್ಲಿ ಸ್ಕ್ಯಾನರ್ ಹಾಕಿದರೆ ಎಬಿಎಸ್ ಸಿಗುತ್ತೆ, ಡ್ಯಾಶ್‌ಬೋರ್ಡ್ ಮೀಟರ್ ಸಿಗುತ್ತೆ, ಇಸಿಎಂ ಮಾತ್ರ ಸಿಗಲ್ಲ. ತಣ್ಣಗಾದರೆ ಸಲೀಸಾಗಿ ಸ್ಟಾರ್ಟ್. ಆಗ ತೋರಿಸುವ ಕೋಡ್‌ಗಳು ಎಸ್‌ಪಿಎನ್ (ಯಾವ ಭಾಗ) 3509 ಎಫ್‌ಎಂಐ (ಯಾವ ಬಗೆಯ ದೋಷ) 4 ಮತ್ತು ಎಸ್‌ಪಿಎನ್ 629 ಎಫ್‌ಎಂಐ 12. ಇಸಿಎಂ ಹೋಗಿದೆ ಅಂತಾರೆ. ಎಂಜಿನ್ ತಿರುಗುವುದನ್ನು ಓದುವ ಕ್ರ್ಯಾಂಕ್ ಸೆನ್ಸರ್ ಕೂಡ ಬಿಸಿಗೆ ಹೀಗೆ ಮಾಡುತ್ತಲ್ಲ? ಮಲ್ಟಿಮೀಟರ್, ವೈರಿಂಗ್ ಡಯಾಗ್ರಾಂ ಎರಡೂ ಇದೆ. ಎಲ್ಲಿಂದ ಶುರು ಮಾಡಲಿ?

ತಾಮ್ರದ_ತಂತಿ:
ಸರ್, ಕ್ರ್ಯಾಂಕ್ ಸೆನ್ಸರ್ ಹೋದರೆ ಸ್ಕ್ಯಾನರ್‌ಗೆ ಇಸಿಎಂ ಸಿಗುತ್ತೆ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಸೊನ್ನೆ ತೋರಿಸುತ್ತೆ, ಅಷ್ಟೇ. ನಿಮ್ಮಲ್ಲಿ ಇಸಿಎಂ ಮಾತೇ ಆಡ್ತಿಲ್ಲ. ಹಾಗಾಗಿ ಉಳಿಯೋದು ನಾಲ್ಕು: ಸಪ್ಲೈ, ಅರ್ಥ್, ಕ್ಯಾನ್ ವೈರ್ (ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಜೋಡಿ ವೈರ್), ಇಲ್ಲವೇ ಇಸಿಎಂ. 629/12 ಅಂದರೆ ಇಸಿಎಂ ತನ್ನೊಳಗೇ ದೋಷ ಇದೆ ಅಂತ ಹೇಳ್ತಿದೆ, ಆದರೆ ಸಪ್ಲೈ ಕುಸಿದಾಗಲೂ ಈ ಕೋಡ್ ಬರಬಹುದು. ಅದೊಂದನ್ನೇ ನಂಬಿ ಇಸಿಎಂ ತರಬೇಡಿ.

ಮೊದಲು ಸಪ್ಲೈ ಮತ್ತು ಅರ್ಥ್, ಅದೂ ಲೋಡ್ ಕೊಟ್ಟು. ಬರೀ ಮೀಟರ್ ಇಟ್ಟು 24 ವೋಲ್ಟ್ ಬಂತು ಅಂದುಕೊಂಡರೆ ಮೋಸ ಹೋಗ್ತೀರಿ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತೆ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಏನೇನೂ ಇಲ್ಲ. ಇಸಿಎಂ ಕನೆಕ್ಟರ್ ಬಿಚ್ಚಿ, ಹಾರ್ನೆಸ್ (ವೈರ್‌ಗಳ ಕಟ್ಟು) ಕಡೆಯ ಸಪ್ಲೈ ಪಿನ್ ಮತ್ತು ಅರ್ಥ್ ಪಿನ್ ನಡುವೆ 24 ವೋಲ್ಟ್ 70 ವ್ಯಾಟ್ ಹೆಡ್‌ಲೈಟ್ ಬಲ್ಬ್ ಕಟ್ಟಿ. ಸುಮಾರು 3 ಆಂಪಿಯರ್ ಎಳೆಯುತ್ತೆ. ಬಲ್ಬ್ ಉರಿಯುತ್ತಿರುವಾಗ ಬ್ಯಾಟರಿ ಪ್ಲಸ್‌ನಿಂದ ಸಪ್ಲೈ ಪಿನ್‌ವರೆಗಿನ ಡ್ರಾಪ್ (ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್) ಅಳೆಯಿರಿ, 0.5 ವೋಲ್ಟ್ ದಾಟಬಾರದು. ಬ್ಯಾಟರಿ ಮೈನಸ್‌ನಿಂದ ಅರ್ಥ್ ಪಿನ್‌ವರೆಗೆ 0.2 ಒಳಗಿರಬೇಕು. ಸಪ್ಲೈ ಪಿನ್‌ಗಳು ಎರಡು ಮೂರು ಇರುತ್ತವೆ, ಒಂದೊಂದನ್ನೂ ಬೇರೆ ಬೇರೆ ನೋಡಿ. ಇಗ್ನಿಷನ್ ಪಿನ್ನನ್ನೂ, ಮೇನ್ ರಿಲೇಯನ್ನೂ ಮರೆಯಬೇಡಿ. ರಿಲೇ ಬಿಸಿಗೆ ಬಿಟ್ಟುಕೊಳ್ಳೋದು ಉಂಟು.

ಇನ್ನೊಂದು ಮಾತು: ಮೀಟರ್ ಪ್ರೋಬನ್ನು ಪಿನ್ ಒಳಗೆ ತುರುಕಬೇಡಿ. ಟರ್ಮಿನಲ್ ಅಗಲವಾಗಿ ಲೂಸ್ ಆಗುತ್ತೆ, ಇಲ್ಲದ ದೋಷವನ್ನು ನೀವೇ ಹುಟ್ಟಿಸಿದ ಹಾಗೆ. ಸರಿಯಾದ ಅಳತೆಯ ಟೆಸ್ಟ್ ಲೀಡ್ ಬಳಸಿ. ಕನೆಕ್ಟರ್ ಒಳಗೆ ಹಸಿರು ಕಿಲುಬು ಅಥವಾ ಎಂಜಿನ್ ಆಯಿಲ್ ಇದೆಯಾ ನೋಡಿ. ಆಯಿಲ್ ಪ್ರೆಷರ್ ಸೆನ್ಸರ್ ಸೋರಿದರೆ ಆಯಿಲ್ ವೈರಿನ ಒಳಗೇ ಹರಿದು ಇಸಿಎಂ ತನಕ ಬರುತ್ತೆ.

ಕಾಮನ್‌ರೈಲ್:
ಮೇಲಿನದೆಲ್ಲ ಸರಿ. ನಾನಾದರೆ 3509/4ನ್ನೂ ಅಷ್ಟೇ ಗಂಭೀರವಾಗಿ ನೋಡ್ತೇನೆ. ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಕುಸಿದಿದೆ ಅಂತ ಅರ್ಥ. ಒಂದೇ ಸೆನ್ಸರ್ ಒಳಗೆ ಶಾರ್ಟ್ ಆಗಿದ್ದರೂ ಆ ಲೈನಿನಲ್ಲಿರುವ ಎಲ್ಲವನ್ನೂ ಎಳೆದು ಹಾಕುತ್ತೆ, ಕೆಲವು ಇಸಿಎಂಗಳು ಆಗ ಪೂರ್ತಿ ಮಲಗಿಬಿಡುತ್ತವೆ. ದೋಷ ಇರುವ ಹೊತ್ತಲ್ಲೇ ಒಂದು ಸೆನ್ಸರ್ ಪ್ಲಗ್‌ನಲ್ಲಿ 5 ವೋಲ್ಟ್ ಅಳೆಯುತ್ತಾ, ಆ ಲೈನಿನ ಉಳಿದ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚಿ: ರೈಲ್ ಪ್ರೆಷರ್, ಬೂಸ್ಟ್, ಆಯಿಲ್ ಪ್ರೆಷರ್, ಆಕ್ಸಿಲರೇಟರ್ ಪೆಡಲ್. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತೋ ಅದೇ ಕಳ್ಳ. ಎಲ್ಲ ಬಿಚ್ಚಿದರೂ ಬರದಿದ್ದರೆ ಇಸಿಎಂ ಕನೆಕ್ಟರ್ ಕೂಡ ಬಿಚ್ಚಿ, ಆ ವೈರಿನಿಂದ ಗಾಡಿಯ ಬಾಡಿಗೆ ಓಮ್ ನೋಡಿ. ಕಂಟಿನ್ಯುಟಿ ಬಂದರೆ ಹಾರ್ನೆಸ್ ಎಲ್ಲೋ ಉಜ್ಜಿ ತಾಗಿದೆ.

ಕ್ಯಾನ್ ನೋಡೋದು ಸುಲಭ. ಬ್ಯಾಟರಿ ಐಸೊಲೇಟರ್ ಆಫ್ ಮಾಡಿ, ಒಂಬತ್ತು ಪಿನ್ನಿನ ಡಯಾಗ್ನೋಸ್ಟಿಕ್ ಸಾಕೆಟ್ ಇದ್ದರೆ ಸಿ ಮತ್ತು ಡಿ ನಡುವೆ ಅಳೆಯಿರಿ. 60 ಓಮ್ ಬಂದರೆ ಎರಡೂ ಟರ್ಮಿನೇಟರ್ (ಲೈನಿನ ಎರಡು ತುದಿಯಲ್ಲಿರುವ 120 ಓಮ್ ರೆಸಿಸ್ಟರ್) ಸರಿ. 120 ಬಂದರೆ ಒಂದು ಕಡಿದಿದೆ, ಸೊನ್ನೆ ಹತ್ತಿರ ಬಂದರೆ ಶಾರ್ಟ್. ಕೆಲವು ಗಾಡಿಗಳಲ್ಲಿ ಒಂದು ಟರ್ಮಿನೇಟರ್ ಇಸಿಎಂ ಒಳಗೇ ಇರುತ್ತೆ, ಇಸಿಎಂ ಬಿಚ್ಚಿ ಅಳೆದು 120 ಬಂದರೆ ಗಾಬರಿ ಬೇಡ. ಎಬಿಎಸ್ ಮಾತಾಡ್ತಿದೆ ಅಂದಮೇಲೆ ಮುಖ್ಯ ಲೈನ್ ಚೆನ್ನಾಗಿರಬೇಕು, ಇಸಿಎಂಗೆ ಕವಲೊಡೆಯುವ ಎರಡು ವೈರ್ ಮಾತ್ರ ನೋಡಿಕೊಳ್ಳಿ.

ಹೆದ್ದಾರಿ_ಗಾಲಿ:
ಇಬ್ಬರಿಗೂ ಧನ್ಯವಾದ. ಕಟ್ ಆದ ಹೊತ್ತಲ್ಲೇ ಅಳೆದೆ. ಬಲ್ಬ್ ಲೋಡಿನಲ್ಲಿ ಪ್ಲಸ್ ಡ್ರಾಪ್ 0.2, ಅರ್ಥ್ 0.06. ಕ್ಯಾನ್ 60 ಓಮ್, ಇಸಿಎಂ ಕವಲಿನ ವೈರ್ ಎರಡೂ ಸರಿ. ಸೆನ್ಸರ್ ಎಲ್ಲ ಬಿಚ್ಚಿದರೂ 5 ವೋಲ್ಟ್ ಬದಲು 0.3, ವೈರ್ ಬಾಡಿಗೆ ತಾಗಿಲ್ಲ. ತಣ್ಣಗಿದ್ದಾಗ ಹೇರ್ ಡ್ರೈಯರ್‌ನಿಂದ ಇಸಿಎಂ ಬಿಸಿ ಮಾಡಿದರೆ ಎಂಜಿನ್ ಕಟ್ ಆಗುತ್ತೆ.

ತಾಮ್ರದ_ತಂತಿ:
ಹಾಗಾದರೆ ಇಸಿಎಂ ದೋಷವೇ. ಸಪ್ಲೈ, ಅರ್ಥ್ ಎರಡೂ ಇದ್ದು 5 ವೋಲ್ಟ್ ಹೊರಗೆ ಬರ್ತಿಲ್ಲ, ಬಿಸಿಗೆ ಬಿಟ್ಟುಕೊಳ್ಳುತ್ತೆ. ಒಳಗೆ ಸೋಲ್ಡರ್ ಬಿರುಕು ಬಿಟ್ಟಿರಬಹುದು.

ಹೊಸದನ್ನು ಕೂರಿಸುವ ಮುಂಚೆ, ಹೊರಗಿನಿಂದ ಅದನ್ನು ಕೊಲ್ಲುವಂಥದ್ದು ಏನಾದರೂ ಇದೆಯಾ ನೋಡಲೇಬೇಕು. ಆಲ್ಟರ್ನೇಟರ್ ಚಾರ್ಜಿಂಗ್ ಸುಮಾರು 28 ವೋಲ್ಟ್ ಇರಲಿ, ಮೀಟರನ್ನು ಎಸಿಗೆ ಹಾಕಿದಾಗ 0.5 ವೋಲ್ಟ್ ಮೀರಿದರೆ ಡಯೋಡ್ ಹೋಗಿದೆ. ಇಂಜೆಕ್ಟರ್ ಆರನ್ನೂ ಅಳೆದು ಒಂದಕ್ಕೊಂದು ಹೋಲಿಸಿ. ಸೊಲೆನಾಯ್ಡ್ ಮಾದರಿಯಲ್ಲಿ ಒಂದು ಓಮ್‌ಗಿಂತ ಕಡಿಮೆ ಇರೋದು ಸಾಮಾನ್ಯ, ಬಾಡಿಗೆ ಮಾತ್ರ ಓಪನ್ ಇರಬೇಕು. ಒಂದು ಶಾರ್ಟ್ ಇದ್ದರೂ ಹೊಸ ಇಸಿಎಂನ ಡ್ರೈವರ್ ಸುಟ್ಟೀತು. ಛಾಸಿಗೆ ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಮತ್ತು ಇಸಿಎಂ ಕನೆಕ್ಟರ್ ಬಿಚ್ಚಿಸುವ ಅಭ್ಯಾಸ ಇರಲಿ.

ಈಗ ತಣ್ಣಗಿದ್ದಾಗ ಅದು ಮಾತಾಡುತ್ತಲ್ಲ, ಅದೇ ನಿಮ್ಮ ಅದೃಷ್ಟ. ಪೂರ್ತಿ ಸಾಯುವ ಮುಂಚೆ ಎಲ್ಲ ಓದಿ ಸೇವ್ ಮಾಡಿ: ಪಾರ್ಟ್ ನಂಬರ್, ಸಾಫ್ಟ್‌ವೇರ್ ಕ್ಯಾಲಿಬ್ರೇಷನ್ ನಂಬರ್, ಎಂಜಿನ್ ಮತ್ತು ಛಾಸಿ ನಂಬರ್, ಆರೂ ಇಂಜೆಕ್ಟರ್‌ಗಳ ಟ್ರಿಮ್ ಕೋಡ್ (ಆಯಾ ಇಂಜೆಕ್ಟರ್‌ನ ಡೀಸೆಲ್ ಅಳತೆ ಸರಿಹೊಂದಿಸುವ ಕೋಡ್), ಟೈರ್ ಅಳತೆ, ಆಕ್ಸಲ್ ರೇಷಿಯೋ, ಸ್ಪೀಡ್ ಲಿಮಿಟ್, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ಮತ್ತು ಬೂದಿಯ ಲೆಕ್ಕ. ಡಿಪಿಎಫ್ ಲೆಕ್ಕ ಸೊನ್ನೆಯಿಂದ ಶುರುವಾದರೆ ಫಿಲ್ಟರ್ ಖಾಲಿ ಇದೆ ಅಂದುಕೊಂಡು ರಿಜನರೇಷನ್ (ಮಸಿ ಸುಡುವುದು) ತಡ ಮಾಡುತ್ತೆ. ಮಸಿ ಮಿತಿಮೀರಿ ಆಮೇಲೆ ಒಟ್ಟಿಗೇ ಉರಿದರೆ ಫಿಲ್ಟರ್ ಬಿರಿಯುತ್ತೆ. ಟ್ರಿಮ್ ಕೋಡ್ ತಪ್ಪಿದರೆ ಐಡ್ಲಿಂಗ್ ನಡುಗುತ್ತೆ, ಹೊಗೆ ಬರುತ್ತೆ. ಕೋಡ್ ಇಂಜೆಕ್ಟರ್ ತಲೆಯ ಮೇಲೂ ಕೆತ್ತಿರುತ್ತೆ, ತಾಳೆ ನೋಡಿ.

ಬಿಚ್ಚುವಾಗ ಇಗ್ನಿಷನ್ ಆಫ್ ಮಾಡಿ ಡಿಇಎಫ್ (ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ) ಪಂಪ್ ತನ್ನ ಲೈನ್ ಖಾಲಿ ಮಾಡಿಕೊಳ್ಳುವ ಸದ್ದು ನಿಲ್ಲುವವರೆಗೆ ಕಾಯಿರಿ, ಕೆಲವು ನಿಮಿಷ ಹಿಡಿಯುತ್ತೆ. ಆಮೇಲೆ ಬ್ಯಾಟರಿ ಮೈನಸ್. ಹೊಸದರ ಪಿನ್ ಮುಟ್ಟಬೇಡಿ. ರಬ್ಬರ್ ಮೌಂಟ್ ಗಟ್ಟಿಯಾಗಿದ್ದರೆ ಬದಲಿಸಿ, ಸೋಲ್ಡರ್ ಬಿಡಿಸೋದೇ ನಡುಕ. ಕನೆಕ್ಟರ್ ಬೋಲ್ಟನ್ನು ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ, ಹೆಚ್ಚು ಬಿಗಿದರೆ ಥ್ರೆಡ್ ಹೋಗುತ್ತೆ.

ಕಾಮನ್‌ರೈಲ್:
ಪ್ರೋಗ್ರಾಮಿಂಗ್ ಬಗ್ಗೆ ಒಂದೆರಡು ಮಾತು. ಫ್ಲ್ಯಾಶ್ ಆಗುವಾಗ (ಇಸಿಎಂಗೆ ಸಾಫ್ಟ್‌ವೇರ್ ತುಂಬುವಾಗ) ಬ್ಯಾಟರಿಗೆ ಸ್ಥಿರವಾಗಿ ವೋಲ್ಟೇಜ್ ಕೊಡುವ ಸಪ್ಲೈ ಹಾಕಿ, ಸಾಧಾರಣ ಚಾರ್ಜರ್ ಬೇಡ. ಲ್ಯಾಪ್‌ಟಾಪ್‌ಗೂ ಕರೆಂಟ್ ಕೊಟ್ಟಿರಿ. ನಡುವೆ ಕೀ ಮುಟ್ಟಿದರೆ ಹೊಸ ಇಸಿಎಂ ಅಲ್ಲೇ ಲಾಕ್ ಆಗಬಹುದು. ಇಮ್ಮೊಬಿಲೈಸರ್ (ಗುರುತಿಲ್ಲದ ಕೀಗೆ ಸ್ಟಾರ್ಟ್ ಆಗದಂತೆ ತಡೆಯುವ ಲಾಕ್) ಇದ್ದರೆ ಹೊಸ ಇಸಿಎಂಗೆ ಕೀ ಕಲಿಸಬೇಕು. ಹಳೆ ಗಾಡಿಯಿಂದ ಬಿಚ್ಚಿದ ಇಸಿಎಂ ತರುವುದಾದರೆ ಹಾರ್ಡ್‌ವೇರ್ ನಂಬರ್ ಹೊಂದಬೇಕು, ಜೊತೆಗೆ ಅದರ ಇಮ್ಮೊಬಿಲೈಸರ್ ಬಿಡಿಸಲು ಆಗುತ್ತಾ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ. ಎಲ್ಲ ಆದ ಮೇಲೆ ಕೋಡ್ ಅಳಿಸಿ, ಪೂರ್ತಿ ಬಿಸಿಯಾಗುವವರೆಗೆ ಲೋಡಿನಲ್ಲಿ ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. 5 ವೋಲ್ಟ್ ಲೈನ್ ಅಳೆಯೋದೂ ಆಗಲೇ.