ಕಡಲ ಜೀವಿಗಳ ಸಂರಕ್ಷಣೆಯನ್ನೇ ವೃತ್ತಿಯಾಗಿಸಿಕೊಳ್ಳಲು ಯಾವ ತರಬೇತಿ ಪಡೆಯಬೇಕು?

ಅಘನಾಶಿನಿ_ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನವಳು. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರ ವಿಷಯಗಳಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಅಘನಾಶಿನಿ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್‌ಸರ್ ಪಟ್ಟಿಗೆ ಸೇರಿಸಿದಾಗ ನಮ್ಮ ಊರಿನವರಿಗೆ ಸಂತೋಷವಾದದ್ದು ನಿಜ, ಆದರೆ ಅದರಿಂದ ಅಲ್ಲಿನ ಬಳಚು, ಕಲ್ವ ಎಂಬ ಚಿಪ್ಪುಜೀವಿಗಳಿಗೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಿಗೆ ಆಗುವ ಅನುಕೂಲವೇನು, ಅವುಗಳ ಸ್ಥಿತಿಗತಿಯನ್ನು ವರ್ಷವರ್ಷವೂ ಅಳೆದು ಬರೆದಿಡುವವರು ಯಾರು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಸುತ್ತಮುತ್ತ ಯಾರೂ ಇರಲಿಲ್ಲ. ಆ ಕೆಲಸವನ್ನು ವೃತ್ತಿಯಾಗಿಯೇ ಮಾಡಬೇಕೆಂಬುದು ನನ್ನ ಆಸೆ.

ವಿಚಾರಿಸಿದಷ್ಟೂ ಗೊಂದಲ ಹೆಚ್ಚುತ್ತಿದೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ ಹೋಗು ಎಂದು ಕೆಲವರು, ಕಾರವಾರದಲ್ಲೇ ಎಂ.ಎಸ್ಸಿ. ಮಾಡು ಎಂದು ಇನ್ನು ಕೆಲವರು ಹೇಳುತ್ತಾರೆ. ಈ ನಡುವೆ ಒಂದು ಖಾಸಗಿ ಸಂಸ್ಥೆಯವರು ದ್ವೀಪವೊಂದರಲ್ಲಿ ನಾಲ್ಕು ವಾರಗಳ ‘ಸಾಗರ ಸಂರಕ್ಷಣಾ ವೃತ್ತಿ ತರಬೇತಿ’ ಶಿಬಿರ ನಡೆಸುವುದಾಗಿ ಜಾಹೀರಾತು ನೀಡಿದ್ದು, ಅದರ ಶುಲ್ಕ ಒಂದು ಲಕ್ಷ ರೂಪಾಯಿ ಮೀರುತ್ತದೆ. ಕೊನೆಯಲ್ಲಿ ಡೈವಿಂಗ್ ಪ್ರಮಾಣಪತ್ರವೂ ಸಿಗುತ್ತದಂತೆ. ಮನೆಯವರು ಸಾಲ ಮಾಡಿಯಾದರೂ ಕಳುಹಿಸಲು ಸಿದ್ಧರಿದ್ದಾರೆ. ಅಷ್ಟು ಹಣ ಸುರಿಯುವುದು ಸರಿಯೇ? ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ತಿಳಿಸಬೇಕು.

ದಕ್ಕೆಯ_ಲೆಕ್ಕಿಗ (ಉತ್ತರ)

ತಂಗಿ, ಸಾಲ ಮಾಡಿ ಆ ಶಿಬಿರಕ್ಕೆ ಹೋಗಬೇಡಿ. ಕಾರಣಗಳನ್ನು ಆಮೇಲೆ ಹೇಳುತ್ತೇನೆ, ಮೊದಲು ಪದವಿಯ ವಿಷಯ.

ಮೀನುಗಾರಿಕಾ ವಿಜ್ಞಾನ ಮತ್ತು ಕಡಲ ಜೀವಶಾಸ್ತ್ರ ಎರಡೂ ಒಂದೇ ಎಂದು ನಮ್ಮ ಕರಾವಳಿಯಲ್ಲೂ ಬಹಳ ಮಂದಿ ತಿಳಿದಿದ್ದಾರೆ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ 1969ರಲ್ಲಿ ಆರಂಭವಾಯಿತು. ದೇಶದಲ್ಲಿ ಅಂಥ ಕಾಲೇಜುಗಳ ಪೈಕಿ ಅದೇ ಮೊದಲನೆಯದು. ಆದರೆ ಅಲ್ಲಿನ ಬಿ.ಎಫ್.ಎಸ್ಸಿ. ಎಂಬುದು ಪಿಯುಸಿ ಮುಗಿಸಿ ಸಿಇಟಿ ಮೂಲಕ ಸೇರುವ ನಾಲ್ಕು ವರ್ಷಗಳ ಪದವಿ, ಮತ್ತು ಮುಂದಿನ ಎಂ.ಎಫ್.ಎಸ್ಸಿ.ಗೆ ಸಾಮಾನ್ಯವಾಗಿ ಬಿ.ಎಫ್.ಎಸ್ಸಿ. ಓದಿದವರನ್ನೇ ತೆಗೆದುಕೊಳ್ಳುತ್ತಾರೆ. ಬಿ.ಎಸ್ಸಿ. ಮುಗಿಸುತ್ತಿರುವ ನೀವು ಆ ದಾರಿಗೆ ಈಗ ಹೊರಳಬೇಕಾದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಆದ್ದರಿಂದ ನಿಮಗೆ ಹೊಂದುವುದು ಕಡಲ ಜೀವಶಾಸ್ತ್ರದ ಎಂ.ಎಸ್ಸಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗವಿದೆ. ಒಂದು ಕಡೆ ಕಾಳಿ ನದಿಯ ಅಳಿವೆ, ಇನ್ನೊಂದು ಕಡೆ ಸಮುದ್ರ, ಪ್ರಯೋಗಾಲಯಕ್ಕೆ ಬೇಕಾದ ಮಾದರಿಗಳು ನಡಿಗೆಯ ದೂರದಲ್ಲೇ ಸಿಗುತ್ತವೆ. ಹೊರರಾಜ್ಯಕ್ಕೆ ಹೋಗಬಲ್ಲಿರಾದರೆ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ ಇದೆ, ತಮಿಳುನಾಡಿನ ಪರಂಗಿಪೇಟೆಯಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಹಳೆಯ ಹೆಸರುವಾಸಿ ಕೇಂದ್ರವಿದೆ.

ಇನ್ನು ತರಬೇತಿ. ನಾನು ಮೀನು ಸಂಶೋಧನೆಯ ಕೆಲಸದಲ್ಲಿ ವೃತ್ತಿಜೀವನವನ್ನೆಲ್ಲ ದಕ್ಕೆಗಳಲ್ಲೇ (ದೋಣಿಗಳು ಮೀನು ಇಳಿಸುವ ಕಟ್ಟೆಗಳಲ್ಲೇ) ಕಳೆದವನಾದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಆಶ್ಚರ್ಯವಿಲ್ಲ. ನಮ್ಮ ಕರಾವಳಿಯಲ್ಲಿ ಕಡಲ ಜೀವಿಗಳಿಗೆ ಆಗುತ್ತಿರುವ ಹಾನಿಯಲ್ಲಿ ದೊಡ್ಡ ಪಾಲು ಬಲೆಯ ಮೂಲಕವೇ ಆಗುವಂಥದು. ಅದನ್ನು ಅಳೆಯಲು ಬಾರದವರು ಸಂರಕ್ಷಣೆಯ ಬಗ್ಗೆ ಎಷ್ಟು ಮಾತಾಡಿದರೂ ಮೀನುಗಾರರು ಕಿವಿಗೊಡುವುದಿಲ್ಲ. ಬೆಳಗಿನ ಜಾವ ಟ್ರಾಲ್ ಬೋಟ್ (ಬಲೆಯನ್ನು ನೀರಿನಲ್ಲಿ ಎಳೆದೊಯ್ಯುವ ದೋಣಿ) ದಕ್ಕೆಗೆ ಬಂದಾಗ ಬುಟ್ಟಿಗಳನ್ನು ಇಳಿಸುವ ಕ್ರಮವನ್ನು ನೋಡಿ. ಒಳ್ಳೆಯ ಮೀನು ನೇರವಾಗಿ ಹರಾಜಿಗೆ ಹೋಗುತ್ತದೆ. ಕೊನೆಗೆ ಸಲಿಕೆಯಲ್ಲಿ ಬಾಚಿ ತುಂಬುವ ರಾಶಿ ಫಿಶ್‌ಮೀಲ್ (ಮೀನಿನ ಹಿಟ್ಟಿನ) ಕಾರ್ಖಾನೆಗೆ ಹೋಗುವಂಥದು. ಕಲಿಯಬೇಕಾದವರು ಕುಳಿತುಕೊಳ್ಳಬೇಕಾದದ್ದು ಆ ಎರಡನೆಯ ರಾಶಿಯ ಮುಂದೆ. ಅದರಿಂದ ಒಂದು ಬುಟ್ಟಿಯನ್ನು ಕಣ್ಣಿಗೆ ಕಂಡದ್ದನ್ನು ಆರಿಸದೆ ಎತ್ತಿಕೊಂಡು, ಜಾತಿವಾರು ಬೇರ್ಪಡಿಸಿ, ತೂಗಿ, ಪ್ರತಿ ಮೀನನ್ನೂ ಅಳತೆಯ ಹಲಗೆಯ ಮೇಲಿಟ್ಟು ಮೂತಿಯಿಂದ ಬಾಲದವರೆಗಿನ ಉದ್ದವನ್ನು ಬರೆದುಕೊಳ್ಳಬೇಕು. ಕೆಲವು ಮೀನುಗಳ ಹೊಟ್ಟೆ ಸೀಳಿ ಮೊಟ್ಟೆಚೀಲ ಎಷ್ಟು ಬಲಿತಿದೆಯೆಂದು ನೋಡಬೇಕು. ಬೆರಳೆಣಿಕೆಯ ಬುಟ್ಟಿಗಳನ್ನು ಹೀಗೆ ಬಿಡಿಸಿದರೆ, ಒಮ್ಮೆಯೂ ಮೊಟ್ಟೆಯಿಡದೆ ಸಾಯುವ ಮರಿಗಳು ಎಷ್ಟೆಂಬುದು ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ.

ಈ ಲೆಕ್ಕದಿಂದಲೇ ಕಾನೂನು ಹುಟ್ಟುತ್ತದೆ. ಕೇರಳದಲ್ಲಿ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಎಂದು ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು ನಿಗದಿಪಡಿಸಿದ್ದರ ಹಿಂದೆ ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ, ಕಡಲ ಮೀನುಗಾರಿಕೆಯ ಸಂಶೋಧನೆ ನಡೆಸುವ ಸಿಎಂಎಫ್‌ಆರ್‌ಐ ಸಂಸ್ಥೆಯ ಇಂಥ ಅಳತೆಗಳಿವೆ. ಟ್ರಾಲ್ ಬಲೆಯ ತುದಿಚೀಲಕ್ಕೆ ಚೌಕ ಕಣ್ಣು ಇರಬೇಕೆಂದು ಒತ್ತಾಯಿಸುವುದೂ ಹಾಗೆಯೇ. ಸಾಮಾನ್ಯ ಬಲೆಯ ವಜ್ರಾಕಾರದ ಕಣ್ಣು ಎಳೆತಕ್ಕೆ ಸಿಕ್ಕಿ ಮುಚ್ಚಿಕೊಳ್ಳುತ್ತದೆ. ಚೌಕ ಕಣ್ಣು ತೆರೆದೇ ಇರುವುದರಿಂದ ಮರಿಗಳು ನುಸುಳಿ ಹೋಗುತ್ತವೆ. ಬೋಟಿನ ಮಾಲೀಕನೊಬ್ಬನಿಗೆ ಇದನ್ನು ಬಲೆಯನ್ನೇ ಕೈಯಲ್ಲಿ ಹಿಡಿದು ಎಳೆದು ತೋರಿಸಿ ಒಪ್ಪಿಸಬಲ್ಲವರೇ ನನ್ನ ದೃಷ್ಟಿಯಲ್ಲಿ ತರಬೇತಿ ಪಡೆದವರು.

ಈ ಯಾವುದಕ್ಕೂ ಲಕ್ಷ ರೂಪಾಯಿ ಬೇಡ. ಸಿಎಂಎಫ್‌ಆರ್‌ಐಗೆ ಮಂಗಳೂರಿನಲ್ಲೂ ಕಾರವಾರದಲ್ಲೂ ಕೇಂದ್ರಗಳಿವೆ. ನಿಮ್ಮ ಕಾಲೇಜಿನ ಮುಖ್ಯಸ್ಥರಿಂದ ಪತ್ರ ತೆಗೆದುಕೊಂಡು ಹೋಗಿ ವಿದ್ಯಾರ್ಥಿ ಯೋಜನೆಗೆ ಅವಕಾಶ ಕೇಳಿ.

ನೇತ್ರಾಣಿ_ಆಳ (ಉತ್ತರ)

ಹಿರಿಯರು ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ಆದರೆ ಡೈವಿಂಗ್ ಎಂಬುದು ಪ್ರವಾಸಿಗರ ಮೋಜು ಮಾತ್ರ ಎಂಬ ಧ್ವನಿ ಅವರ ಮಾತಿನಲ್ಲಿ ಕೇಳಿಸುತ್ತಿರುವುದರಿಂದ ಕೆಲವು ಮಾತು ಸೇರಿಸಬೇಕಾಗಿದೆ. ದಕ್ಕೆಗೆ ಬರುವುದು ಬಲೆಗೆ ಬಿದ್ದದ್ದು ಮಾತ್ರ. ಹವಳವು ಬಲೆಯಲ್ಲಿ ಎಣಿಕೆಗೆ ಸಿಗುವಂಥದಲ್ಲ. ಲಕ್ಷದ್ವೀಪದ ಹವಳ ದಿಬ್ಬಗಳು 1998, 2010 ಮತ್ತು 2016ರ ಬಿಸಿನೀರಿಗೆ ಬಿಳಿಚಿಕೊಂಡು ಸತ್ತದ್ದನ್ನೂ, ಆಮೇಲೆ ಯಾವ ದಿಬ್ಬ ಚೇತರಿಸಿಕೊಂಡಿತು, ಯಾವುದು ಇಲ್ಲ ಎಂಬುದನ್ನೂ ನಾವು ಇಂದು ತಿಳಿದಿದ್ದೇವೆಂದರೆ, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ವರ್ಷಗಟ್ಟಲೆ ಅದೇ ಜಾಗಗಳಿಗೆ ಮುಳುಗಿ ಎಣಿಸಿದ್ದರಿಂದ.

ಹೊಸಬರು ತಿಳಿಯಬೇಕಾದ ವ್ಯತ್ಯಾಸ ಇಷ್ಟೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು ತರಬೇತುದಾರನ ಕೈಹಿಡಿದು ಒಮ್ಮೆ ಮುಳುಗಿಸುವುದು ಅನುಭವಕ್ಕಾಗಿ, ಅದು ತರಬೇತಿಯಲ್ಲ. ಓಪನ್ ವಾಟರ್ ಎಂಬ ಮೊದಲ ಹಂತದ ಪ್ರಮಾಣಪತ್ರ ಮೂರು ನಾಲ್ಕು ದಿನಗಳಲ್ಲಿ ಸಿಗುತ್ತದೆ ಮತ್ತು 18 ಮೀಟರ್ ಆಳದವರೆಗೆ ಮುಳುಗಲು ಅವಕಾಶ ಕೊಡುತ್ತದೆ. ಅಡ್ವಾನ್ಸ್ಡ್ ಮುಗಿಸಿದರೆ 30 ಮೀಟರ್. ಸಂಶೋಧನೆಯ ಕೆಲಸ ಇವೆರಡೂ ಮುಗಿದ ಮೇಲೆ ಶುರುವಾಗುತ್ತದೆ. 50 ಮೀಟರ್ ಉದ್ದದ ಟೇಪನ್ನು ದಿಬ್ಬದ ಮೇಲೆ ಹಾಸಿ, ಅದರ ಎರಡೂ ಬದಿಗೆ ಎರಡೂವರೆ ಮೀಟರ್ ಒಳಗೆ ಕಾಣುವ ಪ್ರತಿ ಮೀನಿನ ಜಾತಿ ಮತ್ತು ಅಂದಾಜು ಉದ್ದವನ್ನು ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತ ಸಾಗಬೇಕು, ಅದೂ ಕಾಲಿನ ರೆಕ್ಕೆ ಒಂದು ಹವಳಕ್ಕೂ ತಾಗದಂತೆ, ಗಾಳಿಯ ಮಾಪಕದ ಮೇಲೆ ಸದಾ ಕಣ್ಣಿಟ್ಟು. ತೇಲುವಿಕೆಯ ಮೇಲೆ ಹಿಡಿತವಿಲ್ಲದವರು ಸಂರಕ್ಷಣೆಯ ಹೆಸರಿನಲ್ಲಿ ಮುರಿಯುವ ಹವಳವೇ ಹೆಚ್ಚು. ನಾನು ಕಂಡಂತೆ ನಾಲ್ಕು ವಾರಗಳ ಶಿಬಿರಗಳಲ್ಲಿ ಅರ್ಧ ಸಮಯ ಈ ಹಿಡಿತಕ್ಕೇ ಹೋಗಿ, ಎಣಿಕೆಯ ಪಾಠ ಫೋಟೊ ತೆಗೆಸಿಕೊಳ್ಳುವುದರಲ್ಲಿ ಮುಗಿಯುತ್ತದೆ. ಆದ್ದರಿಂದ ಶಿಬಿರದ ಬಗ್ಗೆ ನನ್ನ ಸಲಹೆಯೂ ‘ಬೇಡ’ ಎಂದೇ. ಈಜು ಚೆನ್ನಾಗಿ ಬರಲಿ, ಎಂ.ಎಸ್ಸಿ.ಗೆ ಸೇರಿದ ಮೇಲೆ ಮಳೆಗಾಲ ಕಳೆದು ನೀರು ತಿಳಿಯಾದಾಗ ಮೊದಲ ಹಂತವನ್ನು ಪ್ರತ್ಯೇಕವಾಗಿ ಮಾಡಿಕೊಳ್ಳಿ. ಉಬ್ಬಸ, ಕಿವಿಯ ತೊಂದರೆ ಇದ್ದರೆ ಮುಂಚೆಯೇ ವೈದ್ಯರಿಗೆ ತೋರಿಸಿ.

ಮರಳುದಿಬ್ಬ (ಉತ್ತರ)

ಅರಣ್ಯ ಇಲಾಖೆಯ ಕೆಳಹಂತದ ನೌಕರನಾಗಿ ಕಾನೂನಿನ ವಿಷಯ ಮಾತ್ರ ಹೇಳುತ್ತೇನೆ, ಏಕೆಂದರೆ ಉತ್ಸಾಹಿಗಳು ಎಡವುವುದು ಇಲ್ಲೇ. ಕಡಲಾಮೆಗಳು, ಡಾಲ್ಫಿನ್‌ಗಳು, ಹವಳಗಳು, 2001ರಿಂದ ತಿಮಿಂಗಿಲ ಶಾರ್ಕ್, ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಸಂಶೋಧನೆಗಾಗಿಯೇ ಆದರೂ ಅವುಗಳನ್ನು ಹಿಡಿಯಲು, ಮಾದರಿ ತೆಗೆಯಲು ಕಾಯ್ದೆಯ 12ನೆಯ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಯಾವುದೇ ಶಿಬಿರದವರು ‘ಆಮೆ ಮರಿಗಳನ್ನು ಕೈಯಾರೆ ಬಿಡಿಸುತ್ತೇವೆ’ ಎಂದು ಹೇಳಿದರೆ ಅನುಮತಿ ಪತ್ರ ತೋರಿಸಿ ಎಂದು ಕೇಳಿ.

ನಿಮ್ಮ ಜಿಲ್ಲೆಯ ಮರಳತೀರಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಚಳಿಗಾಲದಿಂದ ಬೇಸಿಗೆಯವರೆಗೆ ಮೊಟ್ಟೆಯಿಡುತ್ತವೆ; ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಗಳಿರುತ್ತವೆ. ಇಲಾಖೆಯವರ ಜೊತೆಗೆ ರಾತ್ರಿ ಗಸ್ತಿಗೆ ಸ್ವಯಂಸೇವಕರಾಗಿ ಹೋದರೆ ಪುಸ್ತಕದಲ್ಲಿ ಓದಿದ್ದು ಕೈಗೆ ಬರುತ್ತದೆ. ಉದಾಹರಣೆಗೆ, ಅಲೆಗೆ ಕೊಚ್ಚಿಹೋಗುವ ಅಪಾಯವಿರುವ ಗೂಡನ್ನು ಸ್ಥಳಾಂತರಿಸುವುದಿದ್ದರೆ ಮೊಟ್ಟೆಯಿಟ್ಟ ಕೆಲವೇ ಗಂಟೆಗಳೊಳಗೆ, ಮೊಟ್ಟೆಗಳು ಉರುಳದಂತೆ ಮಾಡಬೇಕು. ತಡವಾಗಿ ತಿರುಗಿಸಿದರೆ ಒಳಗಿನ ಭ್ರೂಣ ಸಾಯುತ್ತದೆ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣು ಮರಿಗಳೇ ಹುಟ್ಟುವುದರಿಂದ ಸಂರಕ್ಷಿತ ಆವರಣದ ನೆರಳಿನ ಬಗ್ಗೆಯೂ ಗಮನವಿರಬೇಕು. ಬಲೆಯಲ್ಲಿ ಸಿಕ್ಕ ಆಮೆ ಸತ್ತಂತೆ ಕಂಡರೂ ಕೂಡಲೇ ನೀರಿಗೆ ಎಸೆಯಬಾರದು. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗವನ್ನು ಗೇಣುದ್ದ ಎತ್ತರಿಸಿ, ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿಟ್ಟರೆ ಶ್ವಾಸಕೋಶದ ನೀರು ಇಳಿದು ಕೆಲವು ಗಂಟೆಗಳಲ್ಲಿ ಚೇತರಿಸಿಕೊಳ್ಳುವುದುಂಟು. ಇದನ್ನು ಬೋಟಿನವರಿಗೆ ಅವರದೇ ಮಾತಿನಲ್ಲಿ ಹೇಳಬಲ್ಲ ನಿಮ್ಮಂಥವರು ಇಲಾಖೆಗೆ ಬೇಕು.

ಅಘನಾಶಿನಿ_ತೀರ

ಮೂವರಿಗೂ ಅನಂತ ವಂದನೆಗಳು. ಶಿಬಿರದ ಯೋಚನೆಯನ್ನು ಬಿಟ್ಟಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ಎಂ.ಎಸ್ಸಿ. ಸೇರುವುದರೊಳಗೆ ಸಿಗುವ ಬಿಡುವಿನಲ್ಲಿ ಏನು ಕಲಿತರೆ ಒಳ್ಳೆಯದು? ಈ ಕೆಲಸದಲ್ಲಿ ಹೊಟ್ಟೆ ತುಂಬುವಷ್ಟು ಸಂಬಳ ಸಿಗುತ್ತದೆಯೇ ಎಂದು ತಂದೆಯವರು ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ದಕ್ಕೆಯ_ಲೆಕ್ಕಿಗ

ಬಿಡುವಿನಲ್ಲಿ ಅಂಕಿಸಂಖ್ಯಾಶಾಸ್ತ್ರ ಕಲಿಯಿರಿ. ಪ್ರಾಣಿಶಾಸ್ತ್ರದಿಂದ ಬಂದ ಮಕ್ಕಳು ಹೆದರುವುದೂ ಹಿಂದೆ ಬೀಳುವುದೂ ಇದರಲ್ಲೇ. ‘ಆರ್’ ಎಂಬ ಲೆಕ್ಕದ ತಂತ್ರಾಂಶ ಮತ್ತು ನಕ್ಷೆ ಮಾಡಲು ‘ಕ್ಯೂಜಿಐಎಸ್’, ಎರಡೂ ಉಚಿತ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಸಮುದ್ರದ ದತ್ತಾಂಶಗಳ ಬಳಕೆಯ ಬಗ್ಗೆ ಅಲ್ಪಾವಧಿ ತರಬೇತಿಗಳನ್ನು ನಡೆಸುತ್ತದೆ, ಅವರ ಪ್ರಕಟಣೆಗಳನ್ನು ಗಮನಿಸುತ್ತಿರಿ. ನೇತ್ರಾಣಿಯವರ ಮಾತನ್ನೂ ಒಪ್ಪುತ್ತೇನೆ: ಹವಳದ ಕೆಲಸಕ್ಕೆ ಹೋಗುವುದಾದರೆ ಮುಳುಗಲೇಬೇಕು. ಆದರೆ ಅಳಿವೆ, ಕಾಂಡ್ಲಾ ಮತ್ತು ಚಿಪ್ಪುಜೀವಿಗಳೇ ನಿಮ್ಮ ಆಸಕ್ತಿಯಾದರೆ ನೀರಿನ ಇಳಿತದ ವೇಳಾಪಟ್ಟಿ, ಒಂದು ಮೀಟರ್ ಚೌಕಟ್ಟು, ವರ್ನಿಯರ್ ಕ್ಯಾಲಿಪರ್ ಮತ್ತು ಮಳೆಗೆ ನೆನೆಯದ ನೋಟ್‌ಬುಕ್ ಸಾಕು.

ಸಂಬಳದ ವಿಷಯದಲ್ಲಿ ತಂದೆಯವರಿಗೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿ. ಕಾಯಂ ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು. ಆರಂಭದ ಕೆಲವು ವರ್ಷ ಯೋಜನೆಗಳಲ್ಲಿ ಗುತ್ತಿಗೆಯ ಮೇಲೆಯೇ ಕೆಲಸ. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ಎಂ.ಎಸ್ಸಿ. ನಂತರ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವಿದ್ಯಾರ್ಥಿವೇತನ ಪಡೆದು ಪಿಎಚ್.ಡಿ.ಗೆ ಸೇರಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಅದರ ಮೇಲೆ ಮನೆಬಾಡಿಗೆ ಭತ್ಯೆ ಇದೆ. ಸಮುದ್ರ ವಿಜ್ಞಾನದ ಸಂಶೋಧನೆ ನಡೆಸುವ ಗೋವಾದ ಎನ್‌ಐಒ ಸಂಸ್ಥೆ ನಿಮಗೆ ಹತ್ತಿರದ್ದು, ಅಲ್ಲಿ ಆ ದಾರಿ ಹಿಡಿಯಬಹುದು. ಬಂದರು, ರಸ್ತೆ ಮುಂತಾದ ಯೋಜನೆಗಳಿಗೆ ಪರಿಸರ ಪರಿಣಾಮದ ವರದಿ ಮಾಡಿಕೊಡುವ ಖಾಸಗಿ ಸಲಹಾ ಸಂಸ್ಥೆಗಳಲ್ಲಿ ಇದಕ್ಕಿಂತ ಹೆಚ್ಚು ಹಣ ಸಿಗಬಹುದು, ಆದರೆ ಎಣಿಸಿದ್ದನ್ನೆಲ್ಲ ವರದಿಯಲ್ಲಿ ಬರೆಯಲು ಬಿಡುತ್ತಾರೆಯೇ ಎಂದು ಸೇರುವ ಮೊದಲು ಅಲ್ಲಿ ಕೆಲಸ ಮಾಡಿ ಬಿಟ್ಟವರನ್ನು ಕೇಳಿ. ಕಾರವಾರದ ವಿಭಾಗಕ್ಕೆ ಅರ್ಜಿ ಹಾಕುವ ಮೊದಲು ಒಂದು ದಿನ ಅಲ್ಲಿಗೆ ಹೋಗಿ, ಈಗ ಎರಡನೆಯ ವರ್ಷದಲ್ಲಿರುವ ವಿದ್ಯಾರ್ಥಿಗಳ ಜೊತೆ ಮಾತಾಡಿ. ಕಿರುಸಂಶೋಧನೆಗೆ ಯಾವ ಅಧ್ಯಾಪಕರು ಹೊಳೆಗೆ, ದಕ್ಕೆಗೆ ತಾವೇ ಬರುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.