ಅಮ್ಮನ ಕೈಬರಹವನ್ನು ಹಚ್ಚೆ ಹಾಕಿಸಿಕೊಂಡರೆ ಪಾಪವಾ?

ಮಳೆಹನಿ:

ಕೇಳಬೇಕೋ ಬೇಡವೋ ಅಂತ ಎರಡು ವಾರ ಯೋಚಿಸಿ ಈಗ ಬರೆಯುತ್ತಿದ್ದೇನೆ. ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಅವರ ಬೈಬಲ್ ಈಗ ನನ್ನ ಹತ್ತಿರ ಇದೆ. ಯೆಶಾಯ 41ನೇ ಅಧ್ಯಾಯದ ಪಕ್ಕದ ಖಾಲಿ ಜಾಗದಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ಒಂದೇ ಒಂದು ಪದ ಬರೆದಿದ್ದಾರೆ, ‘ಹೆದರಬೇಡ’ ಅಂತ. ಎಷ್ಟು ಒತ್ತಿ ಬರೆದಿದ್ದಾರೆ ಅಂದರೆ ಹಾಳೆ ತಿರುಗಿಸಿ ಹಿಂದಿನಿಂದ ಬೆರಳಾಡಿಸಿದರೂ ಅಕ್ಷರ ಕೈಗೆ ಸಿಗುತ್ತದೆ. ಯಾವಾಗ ಬರೆದರೋ, ಯಾಕೆ ಬರೆದರೋ ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ, ಆ ಪುಟ ನಾನು ನೋಡಿದ್ದೇ ಅವರು ಹೋದ ಮೇಲೆ.

ಆ ಪದವನ್ನು ಅದೇ ಅಕ್ಷರದಲ್ಲಿ ಮಣಿಕಟ್ಟಿನ ಒಳಗಡೆ ಹಚ್ಚೆ ಹಾಕಿಸಿಕೊಳ್ಳಬೇಕು ಅಂತ ಆಸೆ. ದೊಡ್ಡಮ್ಮನಿಗೆ ಹೇಳಿದೆ. ಅವರು ಮಾತೇ ಆಡದೆ ಬೈಬಲಿನ ಯಾಜಕಕಾಂಡ 19:28 ತೆಗೆದು ಮುಂದಿಟ್ಟರು. ಸತ್ತವರಿಗೋಸ್ಕರ ಮೈ ಗಾಯ ಮಾಡಿಕೊಳ್ಳಬಾರದು, ಮೈಮೇಲೆ ಹಚ್ಚೆ ಚುಚ್ಚಿಸಿಕೊಳ್ಳಬಾರದು ಅಂತ ಅಲ್ಲಿದೆ. ಈ ವಚನ ಮೊದಲೂ ಕೇಳಿದ್ದೆ, ಹಳೆಯ ನಿಯಮ ಬಿಡು ಅಂತ ಸುಮ್ಮನಿದ್ದೆ. ಈ ಸಲ ‘ಸತ್ತವರಿಗೋಸ್ಕರ’ ಅನ್ನುವ ಪದ ನಾಟಿತು. ನಾನು ಮಾಡಲು ಹೊರಟಿರುವುದೂ ಅದೇ ಅಲ್ವಾ?

ಸಭಾಪಾಲಕರನ್ನು ಕೇಳಿದೆ. ಪ್ರಾರ್ಥನೆ ಮಾಡಿ ನಿರ್ಧಾರ ತಗೋ ಅಂದರು. ಅಪ್ಪನಿಗೆ ಇನ್ನೂ ಹೇಳಿಲ್ಲ. ಫ್ಯಾಷನ್‌ಗೋಸ್ಕರ ಕೇಳುತ್ತಿಲ್ಲ ಅಂತ ನಿಮಗೆ ಅರ್ಥವಾಗುತ್ತೆ ಅಂದುಕೊಂಡಿದ್ದೇನೆ. ಬೇರೆ ಧರ್ಮದವರೂ ಹೇಳಿ, ನಿಮ್ಮಲ್ಲಿ ಇದನ್ನು ಹೇಗೆ ನೋಡುತ್ತಾರೆ ಅಂತ.

ಹಳೇಪುಟ:

ನಿಮ್ಮ ಅಮ್ಮನ ಬಗ್ಗೆ ಓದಿ ಬೇಜಾರಾಯಿತು. ನಾನು ಈ ವಚನದ ಬಗ್ಗೆ ಸುಮಾರು ಓದಿದ್ದೇನೆ, ತಿಳಿದಷ್ಟು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

28ನೇ ವಚನವೊಂದನ್ನೇ ಓದಬೇಡಿ. ಅದರ ಹಿಂದಿನ ವಚನ ತಲೆಯ ಪಕ್ಕದ ಕೂದಲು ಕತ್ತರಿಸಬೇಡಿ, ಗಡ್ಡದ ಅಂಚು ಕೆಡಿಸಬೇಡಿ ಅನ್ನುತ್ತದೆ. ಧರ್ಮೋಪದೇಶಕಾಂಡ 14:1 ಕೂಡ ಸತ್ತವರಿಗಾಗಿ ಮೈ ಕೊಯ್ದುಕೊಳ್ಳಬೇಡಿ, ತಲೆ ಬೋಳಿಸಿಕೊಳ್ಳಬೇಡಿ ಅನ್ನುತ್ತದೆ. ಆ ಕಾಲದಲ್ಲಿ ಸುತ್ತಮುತ್ತಲಿನ ಜನ ಸಾವಿನ ಮನೆಯಲ್ಲಿ ಹೀಗೆಲ್ಲ ಮಾಡುತ್ತಿದ್ದರು. ದೇವರನ್ನು ಎಬ್ಬಿಸುವುದಕ್ಕೂ ಮೈ ಕೊಯ್ದುಕೊಳ್ಳುತ್ತಿದ್ದರು. ಬೈಬಲಿನಲ್ಲಿ ಪ್ರವಾದಿ ಎಲೀಯನ ಎದುರು ಬಾಳ ಅನ್ನುವ ದೇವರ ಪ್ರವಾದಿಗಳು ರಕ್ತ ಸುರಿಯುವ ತನಕ ಕತ್ತಿ ಈಟಿಯಿಂದ ಚುಚ್ಚಿಕೊಂಡರಲ್ಲ, ಆ ಥರ. ನೀವು ಹಾಗಾಗಬೇಡಿ ಅನ್ನುವುದು ಇಲ್ಲಿನ ಮಾತು.

ಆದರೆ ಇದು ಬರೀ ಸಾವಿನ ಆಚರಣೆಯ ಬಗ್ಗೆ ಮಾತ್ರ, ಹಚ್ಚೆಗೆ ಸಂಬಂಧವೇ ಇಲ್ಲ ಅಂತ ಕೆಲವರು ಹೇಳುತ್ತಾರೆ, ಅದು ಪೂರ್ತಿ ಸರಿಯಲ್ಲ. ವಚನದಲ್ಲಿ ಎರಡು ಭಾಗ ಇದೆ. ‘ಸತ್ತವರಿಗೋಸ್ಕರ’ ಅನ್ನುವುದು ಗಾಯದ ಜೊತೆ ಬರುತ್ತದೆ. ಹಚ್ಚೆಯ ಭಾಗದಲ್ಲಿ ಆ ಮಾತು ಇಲ್ಲ. ಅಲ್ಲಿ ಹಚ್ಚೆಗೆ ಬಳಸಿರುವ ಹೀಬ್ರೂ ಪದ ಇಡೀ ಬೈಬಲಿನಲ್ಲಿ ಇನ್ನೆಲ್ಲೂ ಬರುವುದಿಲ್ಲ, ಹಾಗಾಗಿ ಹೋಲಿಸಿ ನೋಡೋಣ ಅಂದರೆ ಇನ್ನೊಂದು ಜಾಗ ಇಲ್ಲ. ಯೆಹೂದಿ ಧರ್ಮಗುರುಗಳಾದ ರಬ್ಬಿಗಳೇ ಇದರ ಬಗ್ಗೆ ಜಗಳ ಮಾಡಿದ್ದಾರೆ. ಸುಮಾರು 1800 ವರ್ಷ ಹಿಂದಿನ ಮಿಷ್ನಾ ಅನ್ನುವ ಅವರ ನಿಯಮಗಳ ಸಂಗ್ರಹದಲ್ಲಿ ಆ ಚರ್ಚೆ ಇದೆ. ಬರೆದು ಮಸಿ ಚುಚ್ಚಿದರೆ ತಪ್ಪು ಅಂತ ಒಂದು ಮಾತು, ದೇವರ ಹೆಸರು ಬರೆದರೆ ಮಾತ್ರ ತಪ್ಪು ಅಂತ ರಬ್ಬಿ ಶಿಮೋನರ ಮಾತು. ಕೊನೆಗೆ ಯೆಹೂದಿ ಧರ್ಮಶಾಸ್ತ್ರ ಹಚ್ಚೆಯನ್ನೇ ಬೇಡ ಅಂದಿತು. ಹಚ್ಚೆ ಇದ್ದವರನ್ನು ಯೆಹೂದಿ ಸ್ಮಶಾನದಲ್ಲಿ ಹೂಳುವುದಿಲ್ಲ ಅಂತ ಎಲ್ಲೆಡೆ ಕೇಳುತ್ತೀರಿ, ಅಂಥ ನಿಯಮ ಅವರ ಧರ್ಮಶಾಸ್ತ್ರದಲ್ಲಿ ಇಲ್ಲ.

ಕ್ರೈಸ್ತರಿಗೆ ಇದು ಎಷ್ಟು ಅನ್ವಯ? ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯರೂ ಸಭೆಯ ಹಿರಿಯರೂ ಯೆಹೂದ್ಯರಲ್ಲದ ವಿಶ್ವಾಸಿಗಳಿಗೆ ಏನೇನು ಬಿಡಬೇಕು ಅಂತ ಹೇಳಿ ಕಳಿಸುತ್ತಾರೆ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ. ಹಚ್ಚೆ, ಗಡ್ಡ, ಎರಡು ಬಗೆಯ ನೂಲಿನ ಬಟ್ಟೆ ಯಾವುದೂ ಅದರಲ್ಲಿ ಇಲ್ಲ. ಹಾಗಂತ ‘ಹಳೆಯ ನಿಯಮ ಬಿಡು’ ಅನ್ನುವುದೂ ಅವಸರದ ಮಾತು. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವ ಮಾತು ಅದೇ ಯಾಜಕಕಾಂಡ 19ರಲ್ಲಿದೆ, ಹತ್ತು ವಚನ ಮೇಲೆ. ಅದನ್ನು ಯಾರೂ ಬಿಡುವುದಿಲ್ಲ.

ನನ್ನ ಓದಿನ ಪ್ರಕಾರ ನೀವು ಮಾಡಬೇಕು ಅಂದುಕೊಂಡಿರುವುದು ಪಾಪವಲ್ಲ. ಸತ್ತವರನ್ನು ಒಲಿಸಿಕೊಳ್ಳಲು ನೀವು ರಕ್ತ ಕೊಡುತ್ತಿಲ್ಲ. ಅಮ್ಮ ನಂಬಿದ ಮಾತನ್ನು ಇಟ್ಟುಕೊಳ್ಳುತ್ತಿದ್ದೀರಿ. ಮತ್ತೆ ಯೆಶಾಯ 44:5 ಓದಿ, ಒಬ್ಬನು ತನ್ನ ಕೈಯ ಮೇಲೆ ತಾನು ಯೆಹೋವನವನು ಅಂತ ಬರೆದುಕೊಳ್ಳುವ ಮಾತು ಬರುತ್ತದೆ. ಅದು ಹಚ್ಚೆಯೇ ಅಂತ ಹೇಳಲು ಬರುವುದಿಲ್ಲ, ಆದರೆ ಅಲ್ಲಿ ಅದನ್ನು ಒಳ್ಳೆಯದಾಗಿಯೇ ಹೇಳಿದೆ. ನಿಮ್ಮ ಅಮ್ಮ ಬರೆದ ಪುಟದಿಂದ ಮೂರೇ ಅಧ್ಯಾಯ ಮುಂದೆ.

ದೀಪದಕಂಬ:

ನಾನು ಬೇಡ ಅನ್ನುವ ಕಡೆಯವನು. ಮೇಲಿನವರು ಚೆನ್ನಾಗಿ ಬರೆದಿದ್ದಾರೆ, ವಚನದ ವಿಷಯದಲ್ಲಿ ನನ್ನ ತಕರಾರಿಲ್ಲ. ‘ದೇಹವು ದೇವಾಲಯ’ ಅನ್ನುವ 1 ಕೊರಿಂಥ 6:19 ಅನ್ನೂ ನಾನು ಎತ್ತುವುದಿಲ್ಲ. ಆ ಪತ್ರ ಬರೆದ ಪೌಲನು ಅಲ್ಲಿ ಹಾದರದ ಬಗ್ಗೆ ಮಾತಾಡುತ್ತಿದ್ದಾನೆ, ಹಚ್ಚೆಗೆ ಅದನ್ನು ಎಳೆದು ತರುವುದು ಸರಿಯಲ್ಲ.

ನನ್ನ ಮಾತು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದ್ದು. ತಿನ್ನುವ ವಿಷಯದಲ್ಲಿ, ದಿನ ಆಚರಿಸುವ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮನಸ್ಸು ಅಂತ ಒಪ್ಪಿಕೊಂಡು ಪೌಲನು ಕೊನೆಗೆ ಹೇಳುವುದು ಏನು? ಸಂಶಯ ಇಟ್ಟುಕೊಂಡು ಮಾಡಿದರೆ ಅದು ಪಾಪ. ಕೆಲಸ ತಪ್ಪೋ ಸರಿಯೋ ಅನ್ನುವುದು ಆಮೇಲೆ, ನಿಮ್ಮ ಮನಸ್ಸು ಒಪ್ಪಿದೆಯಾ ಅನ್ನುವುದು ಮೊದಲು. ‘ನಾನು ಮಾಡಲು ಹೊರಟಿರುವುದೂ ಅದೇ ಅಲ್ವಾ’ ಅಂತ ನೀವೇ ಕೇಳಿದ್ದೀರಿ. ಆ ಪ್ರಶ್ನೆ ಒಳಗಿರುವ ತನಕ ಸೂಜಿಗೆ ಕೈ ಕೊಡಬೇಡಿ.

ಇನ್ನೊಂದು, ನನ್ನ ಹೆಂಡತಿ ಹೋದ ಮೊದಲ ವರ್ಷ ನಾನು ಮಾಡಿದ ನಿರ್ಧಾರಗಳಲ್ಲಿ ಅರ್ಧ ಈಗ ಮಾಡುತ್ತಿರಲಿಲ್ಲ. ಅವಳ ಬಟ್ಟೆ ಒಂದನ್ನೂ ಯಾರಿಗೂ ಮುಟ್ಟಲು ಬಿಡಲಿಲ್ಲ, ಆಮೇಲೆ ಒಂದೇ ದಿನ ಎಲ್ಲ ಕೊಟ್ಟುಬಿಟ್ಟೆ, ಎರಡಕ್ಕೂ ಈಗ ಸಂಕಟಪಡುತ್ತೇನೆ. ಆಗ ಯಾವುದೂ ಕೈ ಜಾರಿ ಹೋಗಬಾರದು ಅನ್ನಿಸುತ್ತಿತ್ತು. ಎಂಟು ತಿಂಗಳು ಬಹಳ ಕಡಿಮೆ. ಅಪ್ಪನಿಗೆ ಮೊದಲು ಹೇಳಿ. ಅವರೂ ಅದೇ ಮನುಷ್ಯಳನ್ನು ಕಳೆದುಕೊಂಡವರು.

ನದಿತೀರ:

ನಾನು ಮುಸ್ಲಿಂ. ನಮ್ಮಲ್ಲಿ ಸುನ್ನಿ ವಿದ್ವಾಂಸರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಶಾಶ್ವತ ಹಚ್ಚೆ ಹರಾಮ್, ಅಂದರೆ ನಿಷಿದ್ಧ ಅನ್ನುತ್ತಾರೆ. ಹಚ್ಚೆ ಹಾಕುವವರನ್ನೂ ಹಾಕಿಸಿಕೊಳ್ಳುವವರನ್ನೂ ಪ್ರವಾದಿಯವರು ಶಪಿಸಿದರು ಅನ್ನುವ ಹದೀಸ್ (ಪ್ರವಾದಿಯವರ ನಡೆನುಡಿಯ ದಾಖಲೆ) ಬುಖಾರಿ, ಮುಸ್ಲಿಂ ಅನ್ನುವ ಹೆಸರಿನ ಎರಡು ಸಂಗ್ರಹದಲ್ಲೂ ಇದೆ. ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದು ಅನ್ನುವುದು ಕಾರಣ. ಮೆಹೆಂದಿ ಅಳಿಸಿಹೋಗುತ್ತದೆ, ಅದಕ್ಕೆ ತಡೆಯಿಲ್ಲ. ಶಿಯಾಗಳಲ್ಲಿ ಬೇರೆ, ಅವರ ಹಿರಿಯ ಧರ್ಮಗುರು ಅಯತೊಲ್ಲಾ ಸಿಸ್ತಾನಿಯಂಥವರು ಹಚ್ಚೆ ತಾನಾಗಿಯೇ ನಿಷಿದ್ಧವಲ್ಲ ಅನ್ನುತ್ತಾರೆ.

ನಾನು 19ನೇ ವಯಸ್ಸಿನಲ್ಲಿ, ದೀನ್, ಅಂದರೆ ಧರ್ಮದ ಬಗ್ಗೆ ಜಾಸ್ತಿ ಯೋಚಿಸದೇ ಇದ್ದ ಕಾಲದಲ್ಲಿ, ಮುಂಗೈಗೆ ಒಂದು ಹಕ್ಕಿ ಹಾಕಿಸಿಕೊಂಡೆ. ಆಮೇಲೆ ನಮಾಜ್ ಶುರು ಮಾಡಿದಾಗ ಯಾರೋ ಹೇಳಿದರು, ಹಚ್ಚೆ ಇದ್ದರೆ ವುಝೂ (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು) ಆಗುವುದಿಲ್ಲ, ನಿನ್ನ ನಮಾಜೇ ಸಲ್ಲುವುದಿಲ್ಲ ಅಂತ. ನಾನು ನಲ್ಲಿಯ ಕೆಳಗೆ ಮುಂಗೈ ಹಿಡಿದು ಆ ಹಕ್ಕಿಯನ್ನು ಚರ್ಮ ಕೆಂಪಾಗುವ ತನಕ ಉಜ್ಜುತ್ತಿದ್ದೆ. ದಿನಕ್ಕೆ ಐದು ಸಲ. ಹಿಂದೆ ಜನ ಕಾಯುತ್ತಿರುತ್ತಿದ್ದರು. ಹೋಗಲ್ಲ ಅಂತ ಗೊತ್ತು, ಆದರೂ ಉಜ್ಜುತ್ತಿದ್ದೆ. ಒಂದು ದಿನ ನಮ್ಮ ಇಮಾಮರು ನೋಡಿ ನಲ್ಲಿ ನಿಲ್ಲಿಸಿದರು. ಬಣ್ಣ ಚರ್ಮದ ಒಳಗಿದೆ, ನೀರು ಚರ್ಮದ ಮೇಲೆ ಮುಟ್ಟಬೇಕು, ಮುಟ್ಟುತ್ತಿದೆ, ನಿನ್ನ ವುಝೂ ಸರಿಯಾಗಿದೆ ಅಂದರು. ತೌಬಾ (ಪಶ್ಚಾತ್ತಾಪ) ಮಾಡಿದ್ದೀಯ ಅಲ್ವಾ, ತೆಗೆಸುವುದಕ್ಕೆ ಮೈಗೆ ಅಪಾಯ ಮಾಡಿಕೊಳ್ಳಬೇಡ ಅಂದರು. ಆ ದಿನದ ನಮಾಜ್ ನನಗೆ ಇನ್ನೂ ನೆನಪಿದೆ.

ನಮ್ಮ ನಿಯಮ ನಿಮಗೆ ಹೇರುತ್ತಿಲ್ಲ. ನಾನೇ ಆದರೆ ಇವತ್ತು ಹಾಕಿಸಿಕೊಳ್ಳುವುದಿಲ್ಲ. ಆದರೆ ಹಾಕಿಸಿಕೊಂಡ ಮೇಲೆ ದೇವರು ಕೈಬಿಡುತ್ತಾನೆ ಅಂತ ಯಾರಾದರೂ ಹೆದರಿಸಿದರೆ ದಯವಿಟ್ಟು ನಂಬಬೇಡಿ.

ಅರಳಿಕಟ್ಟೆ:

ಹಿಂದೂಗಳಲ್ಲಿ ಇದನ್ನು ಎಲ್ಲರಿಗೂ ತಡೆಯುವ ಒಂದೇ ವಚನ ಅಂತ ಇಲ್ಲ. ಉಲ್ಟಾ, ವೈಷ್ಣವರಲ್ಲಿ ಕಾಯಿಸಿದ ಶಂಖ ಚಕ್ರದ ಮುದ್ರೆಯನ್ನು ಭುಜಕ್ಕೆ ಒತ್ತಿಸಿಕೊಳ್ಳುವುದು ದೀಕ್ಷೆಯ ಭಾಗ. ಛತ್ತೀಸಗಢದ ರಾಮನಾಮಿಗಳು ಮೈತುಂಬ ರಾಮನ ಹೆಸರು ಹಚ್ಚೆ ಹಾಕಿಸಿಕೊಂಡವರು. ಜಾತಿಯ ಕಾರಣಕ್ಕೆ ಗುಡಿಯ ಬಾಗಿಲು ಮುಚ್ಚಿದವರ ಮುಂದೆ ಅವರು ಹೆಸರನ್ನು ಚರ್ಮದ ಮೇಲೇ ಬರೆಸಿಕೊಂಡರು. ನಮ್ಮಲ್ಲಿ ಜಗಳ ಬರುವುದು ದೇವರ ಚಿತ್ರ ಕಾಲಿಗೆ, ಸೊಂಟದ ಕೆಳಗೆ ಹಾಕಿಸಿಕೊಂಡಾಗ. ಮಣಿಕಟ್ಟಿಗೆ ಒಂದು ಒಳ್ಳೆಯ ಮಾತು ಅಂದರೆ ನಮ್ಮ ಮನೆಯಲ್ಲಂತೂ ಯಾರೂ ಏನೂ ಅನ್ನುವುದಿಲ್ಲ.

ಸೂಜಿಮೊನೆ:

ನಾನು ಕ್ರೈಸ್ತಳು, ಹಚ್ಚೆ ಹಾಕುವುದೇ ನನ್ನ ಕೆಲಸ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅಳೆದು ತಗೊಳ್ಳಿ.

ಚರ್ಚು ಮತ್ತು ಹಚ್ಚೆ ಎಲ್ಲ ಕಾಲದಲ್ಲೂ ಶತ್ರುಗಳೇ ಆಗಿರಲಿಲ್ಲ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಇವತ್ತಿಗೂ ಬಲಗೈ ಮಣಿಕಟ್ಟಿನ ಒಳಗಡೆ, ನೀವು ಹೇಳಿದ ಅದೇ ಜಾಗದಲ್ಲಿ, ಸಣ್ಣ ಶಿಲುಬೆ ಹಾಕಿಸಿಕೊಳ್ಳುತ್ತಾರೆ. ಚಿಕ್ಕ ಮಕ್ಕಳಿಗೂ ಹಾಕಿಸುತ್ತಾರೆ. ಜೆರುಸಲೇಮಿಗೆ ಹೋದ ಯಾತ್ರಿಕರು ಹಚ್ಚೆ ಹಾಕಿಸಿಕೊಂಡು ಬರುವುದು ನೂರಾರು ವರ್ಷದ ರೂಢಿ. ಮುಂದೆ ಇಂಗ್ಲೆಂಡಿನ ರಾಜನಾದ ಏಳನೇ ಎಡ್ವರ್ಡ್ 1862ರಲ್ಲಿ ಅಲ್ಲಿ ಕೈಗೆ ಶಿಲುಬೆ ಹಾಕಿಸಿಕೊಂಡ. ಇನ್ನೂ ಹಿಂದೆ, 787ರಲ್ಲಿ, ಪೋಪ್ ಕಳಿಸಿದ ಪ್ರತಿನಿಧಿಗಳು ಇಂಗ್ಲೆಂಡಿನಲ್ಲಿ ಅನ್ಯಧರ್ಮದವರ ಥರ ಹಚ್ಚೆ ಹಾಕಿಸಿಕೊಳ್ಳುವುದನ್ನು ಖಂಡಿಸಿದರು, ಆದರೆ ದೇವರಿಗೋಸ್ಕರ ಸಹಿಸಿಕೊಂಡರೆ ಅದಕ್ಕೆ ಫಲವಿದೆ ಅಂದರು. ಯಾಕೆ ಹಾಕಿಸಿಕೊಳ್ಳುತ್ತೀಯ ಅನ್ನುವುದನ್ನೇ ಆಗಲೂ ನೋಡಿದ್ದು.

ಈಗ ಕೆಲಸದ ಮಾತು. ‘ಹೆದರಬೇಡ’ ಅನ್ನುವುದರಲ್ಲಿ ದ, ಬ, ಡ ಮೂರೂ ಇವೆ. ಸಣ್ಣದಾಗಿ ಹಾಕಿದರೆ ವರ್ಷಗಳು ಕಳೆದ ಹಾಗೆ ಮಸಿ ಸ್ವಲ್ಪ ಹರಡಿ ಅಕ್ಷರದ ಒಳಗಿನ ಸುತ್ತು ಮುಚ್ಚಿಹೋಗುತ್ತದೆ, ದ ಯಾವುದು ಡ ಯಾವುದು ಅಂತ ಗೊತ್ತಾಗುವುದಿಲ್ಲ. ಅಮ್ಮ ಬರೆದ ಅಳತೆಗಿಂತ ದೊಡ್ಡದಾಗಿ ಹಾಕಿಸಬೇಕಾಗುತ್ತದೆ. ಬೈಬಲಿನ ಪುಟವನ್ನು ತಗೊಂಡು ಹೋಗಬೇಡಿ, ಒಳ್ಳೆಯ ಬೆಳಕಲ್ಲಿ ಫೋಟೋ ತೆಗೆದು ಕೊಡಿ, ಯಾರೂ ಅಕ್ಷರವನ್ನು ‘ಚಂದ’ ಮಾಡಲು ಬಿಡಬೇಡಿ. ಸೂಜಿ ಹೊಸದು ನಿಮ್ಮೆದುರೇ ಬಿಚ್ಚಬೇಕು. ಲೇಸರ್‌ನಲ್ಲಿ ತೆಗೆಸಬಹುದು ಅಂತ ಧೈರ್ಯ ಮಾಡಬೇಡಿ, ಎಷ್ಟೋ ಸಲ ಹೋಗಬೇಕು, ನೋವು ಜಾಸ್ತಿ, ಪೂರ್ತಿ ಹೋಗದೆಯೂ ಇರಬಹುದು.

ದೀಪದಕಂಬ ಅವರು ಹೇಳಿದ್ದನ್ನು ನಾನೂ ಹೇಳುತ್ತೇನೆ. ಆಪ್ತರು ಹೋದ ಹೊಸದರಲ್ಲಿ ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ. ಒಂದು ತಿಂಗಳು ಪೆನ್ನಿನಲ್ಲಿ ಅದೇ ಜಾಗದಲ್ಲಿ ಬರೆದುಕೊಳ್ಳಿ, ಅಳಿಸಿದಾಗೆಲ್ಲ ಮತ್ತೆ ಬರೆಯಿರಿ, ಆಮೇಲೆ ಬನ್ನಿ ಅನ್ನುತ್ತೇನೆ. ಕೆಲವರು ಬರುತ್ತಾರೆ, ಕೆಲವರು ಬರುವುದಿಲ್ಲ.

ಮಳೆಹನಿ:

ಎಲ್ಲರಿಗೂ ಥ್ಯಾಂಕ್ಸ್. ಒಂದೊಂದನ್ನೂ ಎರಡೆರಡು ಸಲ ಓದಿದೆ. ನದಿತೀರ, ನಲ್ಲಿಯ ಹತ್ತಿರದ ಮಾತು ಓದಿ ಅಳು ಬಂತು.

ನಿನ್ನೆ ರಾತ್ರಿ ಬೈಬಲ್ ತಗೊಂಡು ಹೋಗಿ ಅಪ್ಪನ ಪಕ್ಕ ಕೂತೆ. ಪುಟ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಇದು ನಿನ್ನನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದಾಗ ಬರೆದದ್ದು ಅಂದರು. ನನಗೆ ಆಗ ನಾಲ್ಕು ವರ್ಷ. ಹೊರಗೆ ಬೆಂಚಿನ ಮೇಲೆ ಕೂತು, ಮಡಿಲಲ್ಲಿ ಬೈಬಲ್ ಇಟ್ಟುಕೊಂಡು ಬರೆದರಂತೆ, ಪೆನ್ನು ಅಪ್ಪನದೇ ಅಂತೆ. ಅಮ್ಮ ಅದನ್ನು ಬರೆದದ್ದು ತನಗೆ ತಾನೇ ಹೇಳಿಕೊಳ್ಳಲು. ಅದು ನನಗೆ ಹೇಳಿದ್ದು ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ.

ಹಚ್ಚೆಯ ವಿಷಯವನ್ನೂ ಹೇಳಿದೆ. ಅಪ್ಪ ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಸಂಶಯ ನನಗಿನ್ನೂ ಪೂರ್ತಿ ಹೋಗಿಲ್ಲ, ಅದಕ್ಕೇ ಈಗ ಹಾಕಿಸುತ್ತಿಲ್ಲ. ಸೂಜಿಮೊನೆ ಅವರು ಹೇಳಿದ ಹಾಗೆ ಇವತ್ತು ಬೆಳಗ್ಗೆ ಪೆನ್ನಿನಲ್ಲಿ ಬರೆದುಕೊಂಡೆ. ಎಡಗೈಯಲ್ಲಿ ಬರೆದಿದ್ದಕ್ಕೆ ಸೊಟ್ಟ ಬಂತು. ಅಪ್ಪ ನೋಡಿ, ಕೊಡು ಇಲ್ಲಿ ಅಂತ ಪೆನ್ನು ಇಸಕೊಂಡು, ಪುಟ ನೋಡಿಕೊಂಡು ಅದೇ ಥರ ಬರೆದುಕೊಟ್ಟರು.