ಮುತ್ಯಾನ ರೇಡಿಯೋ, ಅತ್ತೆಯ ಎಮ್ಮೆ

ಸಿಂಧನೂರು ಕಡೆಯ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಏನೇ ಬರೆದರೂ ಪೂರ್ಣ ವಾಕ್ಯದಲ್ಲಿ, ಕನ್ನಡ ಲಿಪಿಯಲ್ಲಿ ಬರೆಯಬೇಕೆಂಬ ಕಟ್ಟಳೆಯಿದೆ. ನಿವೃತ್ತ ಮುಖ್ಯೋಪಾಧ್ಯಾಯರಾದ ದೊಡ್ಡಪ್ಪನವರೇ ಅಡ್ಮಿನ್ ಆಗಿರುವುದರಿಂದ, ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುವ ಸೌಕರ್ಯವೂ ನಮಗಿಲ್ಲ. ಹೀಗಾಗಿ ನಮ್ಮ ಜಗಳಗಳೂ ವ್ಯಾಕರಣಬದ್ಧವಾಗಿಯೇ ನಡೆಯುತ್ತವೆ.

ಕಳೆದ ಭಾನುವಾರ ಬೆಳಿಗ್ಗೆ ಮಾನ್ವಿಯ ಅತ್ತೆ ಒಂದು ಸಂದೇಶವನ್ನು ಕಳಿಸಿದರು. ಪಶುಗಳ ಮೆದುಳು ಮನುಷ್ಯರ ಮೆದುಳಿನಂತೆಯೇ ರಾಗವನ್ನು ಸವಿಯುತ್ತದೆಂದೂ, ಸಂಗೀತ ಕೇಳಿದ ಹಸು ಶೇಕಡಾ 30ರಷ್ಟು ಹೆಚ್ಚು ಹಾಲು ಕೊಡುತ್ತದೆಂದೂ, ಇದನ್ನು ವಿದೇಶಿ ವಿಜ್ಞಾನಿಗಳೇ ಒಪ್ಪಿದ್ದಾರೆಂದೂ ಅದರಲ್ಲಿತ್ತು. ಕೆಳಗೆ ಅತ್ತೆ ತಮ್ಮದೊಂದು ಸಾಲನ್ನು ಸೇರಿಸಿದ್ದರು: “ಮೂವತ್ತು ವರ್ಷಗಳಿಂದ ನಾನು ಹೇಳುತ್ತ ಬಂದಿರುವುದು ಇದನ್ನೇ; ಓದಬೇಕಾದವರು ಓದಲಿ.”

ಓದಬೇಕಾದವರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಮನೆ ಪಾಲಾದಾಗ ಮುತ್ಯಾನ ಎಮ್ಮೆ ಅತ್ತೆಗೆ ಹೋಯಿತು, ಗೋದಲಿಯ ಮೇಲಿನ ಗೂಟಕ್ಕೆ ಸದಾ ತೂಗುತ್ತಿದ್ದ ರೇಡಿಯೋ ಕಾಕಾನಿಗೆ ಬಂತು. ಮಾನ್ವಿಗೆ ಹೋದ ಎಮ್ಮೆ ಒಂದೇ ತಿಂಗಳಲ್ಲಿ ಹಾಲು ಬತ್ತಿಸಿಕೊಂಡಿತು. ಅದಕ್ಕೆ ರೇಡಿಯೋ ಕೊಡದ ಕಾಕಾನೇ ಕಾರಣವೆಂಬುದು ಅತ್ತೆಯ ಅಚಲ ನಂಬಿಕೆ.

ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿರುವ ನನ್ನ ತಂಗಿ ಐದೇ ನಿಮಿಷಗಳಲ್ಲಿ, “ಅತ್ತೆ, ಈ ಮಾತಿಗೆ ಮೂಲ ಯಾವುದು?” ಎಂದು ಕೇಳಿದಳು. ಹಿರಿಯರ ಮಾತಿಗೆ ಮೂಲ ಕೇಳುವುದು ಇಂದಿನ ಶಿಕ್ಷಣದ ದೊಡ್ಡ ದೋಷವೆಂದು ದೊಡ್ಡಪ್ಪ ಕೂಡಲೇ ಬರೆದು, “ಶಿಶುರ್ವೇತ್ತಿ ಪಶುರ್ವೇತ್ತಿ ವೇತ್ತಿ ಗಾನರಸಂ ಫಣಿಃ” ಎಂಬ ಸಾಲನ್ನು, ಅಂದರೆ ಶಿಶು, ಪಶು, ಹಾವು ಮೂರೂ ಗಾನರಸವನ್ನು ಬಲ್ಲವೆಂಬುದನ್ನು, ಮೂಲವೆಂದು ಕೊಟ್ಟರು.

ತಂಗಿ ಬಿಡುವವಳಲ್ಲ. ಶಿಶುವಿನ ಮಟ್ಟಿಗೆ ಶ್ಲೋಕವನ್ನು ಒಪ್ಪಬಹುದೆಂದಳು: ಹುಟ್ಟಿ ಎರಡು ಮೂರು ದಿನಗಳಾದ ಕೂಸುಗಳಿಗೆ ನಿದ್ದೆಯಲ್ಲಿ ತಾಳ ಕೇಳಿಸಿ, ಸಮದ, ಅಂದರೆ ತಾಳದ ಆವರ್ತ ಶುರುವಾಗುವ, ಪೆಟ್ಟನ್ನು ಬೇಕೆಂದೇ ಬಿಟ್ಟಾಗ ಅವುಗಳ ಮೆದುಳು ಆ ಲೋಪವನ್ನು ಗುರುತಿಸಿದ್ದು 2009ರ ಅಧ್ಯಯನದಲ್ಲಿ ದಾಖಲಾಗಿದೆ. ಹಾವಿನ ಕಥೆ ಬೇರೆ. ಅದಕ್ಕೆ ಹೊರಗಿವಿಯೇ ಇಲ್ಲ. ತಗ್ಗಿನ ಸದ್ದು, ನೆಲದ ಕಂಪನಗಳನ್ನು ಅದು ಗ್ರಹಿಸಬಲ್ಲದಾದರೂ, ಹೆಡೆಯಾಡಿಸುವುದು ಪುಂಗಿಯ ಸ್ವರಕ್ಕಲ್ಲ, ಪುಂಗಿಯ ಓಲಾಟಕ್ಕೆ.

“ಪಶುವಿನ ವಿಷಯಕ್ಕೆ ಬಂದರೆ,” ಎಂದು ಅವಳು ಮುಂದುವರಿಸಿದಳು, “ಇಂಥ ಸುದ್ದಿ ಜಗತ್ತಿನಲ್ಲೆಲ್ಲ ಹಬ್ಬಿದ್ದು 2001ರಲ್ಲಿ, ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಸುಮಾರು 1000 ಹಸುಗಳಿಗೆ 9 ವಾರ ಸಂಗೀತ ಕೇಳಿಸಿದಾಗ. ನಿಧಾನ ಲಯದ ಸಂಗೀತಕ್ಕೆ ಹಸುವೊಂದಕ್ಕೆ ದಿನಕ್ಕೆ 0.73 ಲೀಟರ್, ಅಂದರೆ ಶೇಕಡಾ 3ರಷ್ಟು ಹಾಲು ಹೆಚ್ಚಿತು. ವೇಗದ ಲಯಕ್ಕೆ ಹೆಚ್ಚಲಿಲ್ಲ. ಹಸುಗಳ ಗಾಬರಿ ತಗ್ಗಿದ್ದೇ ಕಾರಣವಿರಬೇಕೆಂದು ಅವರು ಹೇಳಿದರೇ ಹೊರತು ರಸಾಸ್ವಾದದ ಮಾತನ್ನು ಆಡಲಿಲ್ಲ. 3ರ ಮುಂದಿನ ಸೊನ್ನೆ ನಮ್ಮ ಫಾರ್ವರ್ಡಿಗರ ಕೊಡುಗೆ.”

ಅಲ್ಲಿಯವರೆಗೆ ಮೌನವಾಗಿದ್ದ ಕಾಕಾ ಈಗ ಎದ್ದು ಕುಳಿತ. “ಮೂರು ಲೀಟರ್ ಹಿಂಡುವ ಎಮ್ಮೆಗೆ ಶೇಕಡಾ 3 ಎಂದರೆ ಒಂದು ಕಪ್ಪು ಚಹಾಕ್ಕೂ ಸಾಲದ ಹಾಲು. ಅಷ್ಟಕ್ಕಾಗಿ ಮೂವತ್ತು ವರ್ಷ ನನ್ನನ್ನು ಮದುವೆ, ಮುಂಜಿ, ತಿಥಿಗಳಲ್ಲೆಲ್ಲ ಆಡಿಕೊಂಡದ್ದಕ್ಕೆ ಅಕ್ಕ ಈಗ ಏನೆನ್ನುತ್ತಾಳೆ?”

“ಲೆಕ್ಕ ನನಗೆ ಬೇಡ,” ಎಂದು ಅತ್ತೆ ಬರೆದರು. “ಧಾರವಾಡ ರೇಡಿಯೋ ನಿಲ್ದಾಣ ಶುರುವಾಗುವ ಸ್ವರ ಬಂದೊಡನೆ ಆ ಎಮ್ಮೆ ಮೆಲುಕು ನಿಲ್ಲಿಸಿ ಕಿವಿ ತಿರುಗಿಸುತ್ತಿತ್ತು, ಅಪ್ಪ ತಂಬಿಗೆ ಹಿಡಿದು ಕುಕ್ಕರಗಾಲಿನಲ್ಲಿ ಕೂರುವಷ್ಟರಲ್ಲಿ ತೊರೆ ಬಿಟ್ಟಿರುತ್ತಿತ್ತು. ಮಾನ್ವಿಯಲ್ಲಿ ನಾನು ಟೇಪ್ ರೆಕಾರ್ಡರಿನಲ್ಲಿ ಸಿದ್ದರಾಮ ಜಂಬಲದಿನ್ನಿಯವರ ವಚನಗಾಯನ ಹಚ್ಚಿದರೆ ತಂಬಿಗೆಯನ್ನೇ ಒದ್ದಿತು. ಅದಕ್ಕೆ ಬೇಕಾದದ್ದು ಅದರ ರೇಡಿಯೋ.”

ಆ ಸ್ವರದ ಹೆಸರೆತ್ತಿದ್ದೇ ತಡ, ಹೊಸಪೇಟೆಯ ಬಸಣ್ಣ ಚಳಿಗಾಲದ ನಸುಕು, ಒಲೆಯ ಮುಂದಿನ ಬೆಲ್ಲದ ಚಹಾ, ಸೆಲ್ಲುಗಳನ್ನು ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದುದು ಎಂದು ಹನ್ನೊಂದು ಸಂದೇಶಗಳನ್ನು ಸುರಿದ. (ಆಕಾಶವಾಣಿಯ ಆ ಸ್ವರವನ್ನು 1930ರ ದಶಕದಲ್ಲಿ ಕಟ್ಟಿದವರು ಹಿಟ್ಲರನ ಕಾಲದಲ್ಲಿ ಮುಂಬಯಿಗೆ ಬಂದು ನೆಲೆಸಿದ್ದ ಯಹೂದಿ ಸಂಗೀತಗಾರ ವಾಲ್ಟರ್ ಕಾಫ್‌ಮನ್, ನಮ್ಮ ಎಮ್ಮೆಯ ಗುರು ಅವರೇ ಎನ್ನಬೇಕು.) ಹನ್ನೆರಡನೆಯದಾಗಿ ಅವನು ಕುಣಿಯುವ ಬಿಳಿ ಕಾಕಟೂ ಗಿಳಿಯ ವಿಡಿಯೋ ಹಾಕಿದ. ಸ್ನೋಬಾಲ್ ಎಂಬ ಆ ಗಿಳಿ ಹಾಡಿನ ವೇಗ ಬದಲಾದಂತೆ ತನ್ನ ಹೆಜ್ಜೆಯ ವೇಗವನ್ನೂ ಬದಲಿಸುತ್ತದೆಂಬುದು 2009ರಲ್ಲೇ ಪ್ರಕಟವಾಗಿರುವ ಸಂಗತಿಯೆಂದು ತಂಗಿ ಒಪ್ಪಿದಳು. ವಿಡಿಯೋಗಳು ಪೂರ್ಣ ವಾಕ್ಯಗಳಲ್ಲವೆಂದು ದೊಡ್ಡಪ್ಪ ಅದನ್ನು ಅಳಿಸಿದರು.

ಅನಂತರ ತಂಗಿ ಬರೆದದ್ದೇ ಇಡೀ ದಿನದ ಸಾರವತ್ತಾದ ಮಾತು. ಕರು ಮುಟ್ಟಿದಾಗ, ಕೆಚ್ಚಲು ತೊಳೆದಾಗ, ಇಲ್ಲವೇ ಪ್ರತಿದಿನ ಹಿಂಡುವ ಮೊದಲು ಕೇಳಿಸುವ ಬಕೆಟ್ಟಿನ ಸದ್ದು ಬಂದಾಗಲೂ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಟು, ನಿಮಿಷದ ಆಸುಪಾಸಿನಲ್ಲಿ ಕೆಚ್ಚಲನ್ನು ತಲುಪಿ ಹಾಲಿಳಿಸುತ್ತದೆ. ಗಾಬರಿಯಾದರೆ, ಹೊಸ ಜಾಗ, ಹೊಸ ಕೈ ಎದುರಾದರೆ ಆ ಇಳಿತಕ್ಕೆ ತಡೆ ಬೀಳುತ್ತದೆ. “ಆ ಎಮ್ಮೆಗೆ ನಿಲ್ದಾಣದ ಸ್ವರ ಸಂಗೀತವಾಗಿರಲಿಲ್ಲ, ಬಕೆಟ್ಟಿನ ಸದ್ದಾಗಿತ್ತು. ನಾವು ಒಂದೇ ಹಾಡನ್ನು ಯಾವ ಶ್ರುತಿಯಲ್ಲಿ ಹಾಡಿದರೂ ಗುರುತಿಸುತ್ತೇವೆ, ಏಕೆಂದರೆ ನಮ್ಮ ಮೆದುಳು ಸ್ವರಸ್ವರಗಳ ನಡುವಿನ ಅಂತರವನ್ನು ಹಿಡಿಯುತ್ತದೆ. ನಮ್ಮ ಗೊರವಂಕದ ಬಳಗದ ಸ್ಟಾರ್ಲಿಂಗ್ ಹಕ್ಕಿ ತಾನು ಕಲಿತ ಸ್ವರಾವಳಿಯ ಶ್ರುತಿಯನ್ನು ಬದಲಿಸಿದರೆ ತಬ್ಬಿಬ್ಬಾಗುತ್ತದೆ. ನಾದದ ಬಣ್ಣ, ಅಂದರೆ ಒಂದೇ ಸ್ವರ ಕೊಳಲಿನಲ್ಲಿ ಒಂದು ಥರ, ಪಿಟೀಲಿನಲ್ಲಿ ಇನ್ನೊಂದು ಥರ ಕೇಳಿಸುವ ಗುಣ, ಉಳಿದರೆ ಮಾತ್ರ ಗುರುತಿಸುತ್ತದೆಂದು 2016ರಲ್ಲಿ ತೋರಿಸಿದ್ದಾರೆ. ನಮಗೆ ಹತ್ತಿರದ ಮಕಾಕ್ ಮಂಗಗಳನ್ನೇ ತೆಗೆದುಕೊಂಡರೂ, ಬರಿಯ ಗದ್ದಲಕ್ಕಿಂತ ಸ್ವರಕ್ಕೆ ಹೆಚ್ಚು ಮಿಡಿಯುವ ಭಾಗಗಳು ಮನುಷ್ಯರ ಮೆದುಳಿನಲ್ಲಿ ಎದ್ದು ಕಾಣುವಷ್ಟು ಅವುಗಳಲ್ಲಿ ಕಾಣಲಿಲ್ಲವೆಂದು 2019ರ ಸ್ಕ್ಯಾನ್‌ಗಳು ಹೇಳುತ್ತವೆ.”

ಎರಡೂ ನೀಲಿ ಗೆರೆಗಳು ಮೂಡಿದವು. ಗೊರವಂಕದ ಕುರಿತಾಗಲಿ ಮಂಗದ ಕುರಿತಾಗಲಿ ಯಾರೂ ಒಂದಕ್ಷರ ಬರೆಯಲಿಲ್ಲ. ಕೊನೆಗೆ ಕಾಕಾನಿಗೆ ಮಾತ್ರ ಏನೋ ಹೊಳೆದಂತಾಗಿ, “ಹಾಗಾದರೆ ಅದೇ ರೇಡಿಯೋ ಅದೇ ಹೊತ್ತಿಗೆ ಬೇಕಿತ್ತೆಂದು ನೀನೂ ಹೇಳುತ್ತಿರುವೆಯೇನು?” ಎಂದು ಕೇಳಿದ. ಅತ್ತೆ, ಸಂದೇಶದಲ್ಲಿದ್ದುದೂ ಅದೇ ಎಂದು ಬರೆದರು. ಸಂದೇಶದಲ್ಲಿ ಅದು ಇರಲೇ ಇಲ್ಲವೆಂದು ಹೇಳುವ ಧೈರ್ಯ ತಂಗಿಗೂ ಬರಲಿಲ್ಲ.

ಸಂಜೆ ಕಾಕಾ ರೇಡಿಯೋದ ಫೋಟೋ ಹಾಕಿ, ಅದನ್ನು ಮಗುವಿನಂತೆ ಜೋಪಾನ ಮಾಡಿರುವುದಾಗಿಯೂ, ಬೇಕಾದವರು ಬಂದು ಒಯ್ಯಬಹುದೆಂದೂ ತಿಳಿಸಿದ. ಅತ್ತೆ ಹತ್ತು ನಿಮಿಷ ಬಿಟ್ಟು ಉತ್ತರಿಸಿದರು. ಓದುಬರಹ ಬಾರದ ಮುತ್ಯಾ ಧಾರವಾಡ ಸಿಗುವ ಜಾಗ ಗೊತ್ತಾಗಲೆಂದು, ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಹಚ್ಚುವ ಕೆಂಪು ಬಣ್ಣದಿಂದ ಗಾಜಿನ ಮೇಲೆ ಒಂದು ಬೊಟ್ಟು ಇಟ್ಟಿದ್ದರಂತೆ. ಆ ಬೊಟ್ಟು ಎಲ್ಲಿ ಹೋಯಿತೆಂದು ಅವರ ಪ್ರಶ್ನೆ.

“ಧೂಳಾಗಿತ್ತು, ಸೀಮೆಎಣ್ಣೆಯಲ್ಲಿ ಒರೆಸಿದೆ” ಎಂದು ಕಾಕಾ ಬರೆದ. ದೊಡ್ಡಪ್ಪನವರು ಇನ್ನೂ ಟೈಪ್ ಮಾಡುತ್ತಿದ್ದಾರೆ.